ಒಟ್ಟಿಗೆ ಓದುವಾಗ ತಿಳಿಯುವ ಮೆಕ್ಯಾನಿಕ್ಸ್ ಒಬ್ಬಳೇ ಬರೆಯುವಾಗ ಕೈಕೊಡುವುದೇಕೆ?

ಪ್ರಶ್ನೆ: ಕ್ಯಾತ್ಸಂದ್ರದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಎಂ.ಎಸ್ಸಿ. ಗಣಿತ ಓದುತ್ತಿದ್ದೇನೆ. ಈ ಸೆಮಿಸ್ಟರ್‌ನಲ್ಲಿ ನಮಗೆ ಕ್ಲಾಸಿಕಲ್ ಮೆಕ್ಯಾನಿಕ್ಸ್ ಪತ್ರಿಕೆಯಿದೆ. ನಿರ್ಬಂಧಗಳಿಂದ ಆರಂಭವಾಗಿ ಲಗ್ರಾಂಜ್ ಸಮೀಕರಣಗಳು, ದೃಢಕಾಯದ ಚಲನೆ, ಹ್ಯಾಮಿಲ್ಟನ್ ಸಮೀಕರಣಗಳು, ಕೆನಾನಿಕಲ್ ರೂಪಾಂತರ, ಪಾಯ್ಸನ್ ಬ್ರಾಕೆಟ್‌ವರೆಗೆ ಪಾಠಗಳಿವೆ. ಪರೀಕ್ಷೆಗೆ ಇನ್ನು ಐದು ವಾರ ಉಳಿದಿದೆ.

ನಾವು ನಾಲ್ವರು ಗೆಳತಿಯರು ಕ್ಯಾತ್ಸಂದ್ರದಲ್ಲಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದಿದ್ದೇವೆ. ಪ್ರತಿದಿನ ಸಂಜೆ ಏಳರಿಂದ ಹತ್ತರವರೆಗೆ ನಡುಮನೆಯಲ್ಲಿ ಕೂತು ಕಂಬೈನ್ಡ್ ಸ್ಟಡಿ ಮಾಡುತ್ತೇವೆ. ಮನೆಯಲ್ಲಿ ಬೋರ್ಡ್ ಇಲ್ಲದ ಕಾರಣ ಕೆಂಪು ರೆಡ್‌ಆಕ್ಸೈಡ್ ನೆಲದ ಮೇಲೆಯೇ ಸೀಮೆಸುಣ್ಣದಿಂದ ಬರೆದು, ನೆಲ ತುಂಬಿದಾಗ ಒದ್ದೆ ಬಟ್ಟೆಯಲ್ಲಿ ಒರೆಸಿ ಮುಂದುವರಿಸುತ್ತೇವೆ. ಈ ರೀತಿಯಲ್ಲಿ ಕಳೆದ ತಿಂಗಳು ಜೋಡಿ ಲೋಲಕ, ರಾಟೆಯ ಎರಡು ಬದಿಯ ತೂಕಗಳು, ಕೇಂದ್ರಬಲದ ಚಲನೆ ಹೀಗೆ ಇಪ್ಪತ್ತಕ್ಕೂ ಹೆಚ್ಚು ಲೆಕ್ಕಗಳನ್ನು ಮುಗಿಸಿದ್ದೇವೆ. ಪ್ರತಿಯೊಂದು ಹೆಜ್ಜೆಯೂ ನಮಗೆ ನಾಲ್ವರಿಗೂ ತಿಳಿದೇ ಮುಂದಕ್ಕೆ ಹೋಗಿದ್ದೇವೆ, ಇದರಲ್ಲಿ ನನಗೆ ಸಂಶಯವಿಲ್ಲ.

ಹೀಗಿದ್ದರೂ ಕಳೆದ ವಾರದ ಇಂಟರ್ನಲ್ ಪರೀಕ್ಷೆಯಲ್ಲಿ ನಮ್ಮಲ್ಲಿ ಮೂವರು ಒಂದೇ ಪ್ರಶ್ನೆಯಲ್ಲಿ ನಿಂತುಬಿಟ್ಟೆವು. ವೃತ್ತಾಕಾರದ ತಂತಿಯೊಂದು ತನ್ನ ಲಂಬ ವ್ಯಾಸದ ಸುತ್ತ ಸ್ಥಿರವಾದ ಕೋನೀಯ ವೇಗದಲ್ಲಿ ತಿರುಗುತ್ತಿದೆ; ಅದರ ಮೇಲೆ ಘರ್ಷಣೆಯಿಲ್ಲದೆ ಜಾರುವ ಮಣಿಯ ಚಲನೆಯ ಸಮೀಕರಣವನ್ನು ಕಂಡುಹಿಡಿಯಿರಿ ಎಂಬುದು ಪ್ರಶ್ನೆ. ನಾನು ತೀಟಾ (ತಂತಿಯ ಮೇಲೆ ಮಣಿ ಇರುವ ಕೋನ) ಮತ್ತು ಫೈ (ಲಂಬ ವ್ಯಾಸದ ಸುತ್ತ ತಿರುಗಿದ ಕೋನ) ಎಂಬ ಎರಡು ನಿರ್ದೇಶಾಂಕಗಳನ್ನು ತೆಗೆದುಕೊಂಡು ಎರಡು ಸಮೀಕರಣಗಳನ್ನು ಬರೆದೆ. ಎರಡನೆಯದು ಎಲ್ಲಿಗೂ ಹೊಂದಲಿಲ್ಲ. ಅವಕಲನವೆಲ್ಲ ಸರಿಯಾಗಿತ್ತು, ಆದರೂ ಅಂಕ ಬರಲಿಲ್ಲ. ಮನೆಗೆ ಬಂದು ನಾಲ್ವರೂ ಕೂತಾಗ ಹತ್ತೇ ನಿಮಿಷದಲ್ಲಿ ಲೆಕ್ಕ ಬಿಡಿಸಿತು.

ಒಟ್ಟಿಗೆ ಓದುವುದನ್ನು ಬಿಟ್ಟು ಬೇರೆ ಬೇರೆಯಾಗಿ ಓದಬೇಕೇ, ಅಥವಾ ಓದುವ ಕ್ರಮದಲ್ಲಿ ಏನಾದರೂ ಬದಲಾಯಿಸಬೇಕೇ? ಈ ಪತ್ರಿಕೆಯನ್ನು ಬರೆದವರು, ಪಾಠ ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ: ಗುಬ್ಬಿ ತಾಲ್ಲೂಕಿನ ಉಪನ್ಯಾಸಕ

ನಾನು ಈಗ ಪಿಯು ವಿದ್ಯಾರ್ಥಿಗಳಿಗೆ ಗಣಿತ ಹೇಳಿಕೊಡುತ್ತೇನೆ. ಇದೇ ಪತ್ರಿಕೆಯನ್ನು ಕೆಲವು ವರ್ಷಗಳ ಹಿಂದೆ ಬರೆದು ಪಾಸಾದವನು. ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುವುದಾದರೆ, ಲೆಕ್ಕ ಬಿಡಿಸುವುದಕ್ಕೆ ಗುಂಪು ಬೇಡ. ಒಬ್ಬರೇ ಕೂತು ಬಿಡಿಸಿ, ಸಿಕ್ಕಿಹಾಕಿಕೊಂಡ ಲೆಕ್ಕವನ್ನು ಮಾತ್ರ ಗುಂಪಿಗೆ ತನ್ನಿ. ನಾವು ಹಾಸ್ಟೆಲ್‌ನಲ್ಲಿ ಆರು ಜನ ಕೂತು ಓದುತ್ತಿದ್ದೆವು. ಮೂರು ಗಂಟೆಯಲ್ಲಿ ನಾಲ್ಕು ಲೆಕ್ಕ ಮುಗಿಯುತ್ತಿತ್ತು. ಒಬ್ಬನೇ ಕೂತರೆ ಒಂದೇ ಲೆಕ್ಕ ಮುಗಿಯುತ್ತಿತ್ತು, ಆದರೆ ಆ ಒಂದು ಲೆಕ್ಕ ಪರೀಕ್ಷೆಯ ದಿನ ನನ್ನ ಜೊತೆಗಿರುತ್ತಿತ್ತು.

ನಿಮ್ಮ ಮಣಿಯ ಲೆಕ್ಕದಲ್ಲಿ ನಿರ್ಬಂಧಗಳನ್ನು ಎಣಿಸಿದ್ದರೆ ಸಾಕಿತ್ತು. ಕಣವೊಂದಕ್ಕೆ ಮೂರು ನಿರ್ದೇಶಾಂಕಗಳು. ಕೇಂದ್ರದಿಂದ ಇರುವ ದೂರ ತಂತಿಯ ತ್ರಿಜ್ಯಕ್ಕೆ ಸಮ ಎಂಬುದು ಒಂದು ನಿರ್ಬಂಧ, ಫೈ ಎಂದರೆ ಒಮೇಗಾ (ತಂತಿಯ ಸ್ಥಿರ ಕೋನೀಯ ವೇಗ) ಗುಣಿಸು ಕಾಲ ಎಂಬುದು ಇನ್ನೊಂದು. ಮೂರರಲ್ಲಿ ಎರಡು ಕಳೆದರೆ ಉಳಿಯುವುದು ಒಂದೇ ಸ್ವಾತಂತ್ರ್ಯಮಾನ, ಎಂದರೆ ಸ್ವತಂತ್ರವಾಗಿ ಬದಲಾಗುವ ಒಂದೇ ನಿರ್ದೇಶಾಂಕ. ಯಾವುದೇ ಲೆಕ್ಕವಿರಲಿ, ಈ ಕಳೆಯುವ ಲೆಕ್ಕವನ್ನು ಉತ್ತರಪತ್ರಿಕೆಯ ಮೊದಲ ಸಾಲಿನಲ್ಲೇ ಬರೆಯುವುದನ್ನು ರೂಢಿ ಮಾಡಿಕೊಳ್ಳಿ.

ಉತ್ತರ: ಮಧುಗಿರಿಯ ನಿವೃತ್ತ ಅಧ್ಯಾಪಕ

ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ನಿಮ್ಮನ್ನು ಒಂದು ಮಾತು ಕೇಳಬೇಕು. ಸೀಮೆಸುಣ್ಣದಲ್ಲಿ ಬರೆದ ಆ ಇಪ್ಪತ್ತು ಲೆಕ್ಕಗಳಲ್ಲಿ ಮೊದಲ ಎರಡು ಸಾಲು, ಎಂದರೆ ಚಿತ್ರ ಮತ್ತು ನಿರ್ದೇಶಾಂಕಗಳ ಆಯ್ಕೆ, ಯಾರ ಕೈಬರಹದಲ್ಲಿದ್ದವು? ಬಹುಶಃ ನಾಲ್ವರಲ್ಲಿ ಒಬ್ಬರದೇ ಇರಬೇಕೆಂದು ನನ್ನ ಊಹೆ. ಇಂಟರ್ನಲ್‌ನಲ್ಲಿ ಎಡವದೆ ಬರೆದವರೂ ಅವರೇ ಆಗಿರಬಹುದು.

ಮೆಕ್ಯಾನಿಕ್ಸ್‌ನ ಲೆಕ್ಕವೊಂದರಲ್ಲಿ ನಿಜವಾದ ಕಷ್ಟವಿರುವುದು ಮೊದಲ ಅರ್ಧ ಪುಟದಲ್ಲಿ. ಯಾವುದನ್ನು ನಿರ್ದೇಶಾಂಕವೆಂದು ಹಿಡಿಯಬೇಕು, ಕೋನವನ್ನು ಎಲ್ಲಿಂದ ಅಳೆಯಬೇಕು, ಯಾವುದು ತನ್ನಷ್ಟಕ್ಕೆ ಬದಲಾಗುತ್ತದೆ, ಯಾವುದನ್ನು ಹೊರಗಿನವರು ಬದಲಾಯಿಸುತ್ತಿದ್ದಾರೆ ಎಂಬ ತೀರ್ಮಾನಗಳೆಲ್ಲ ಅಲ್ಲಿಯೇ ಆಗಿಹೋಗುತ್ತವೆ. ಅದಾದ ಮೇಲೆ ಬರುವ ಆಂಶಿಕ ಅವಕಲನವನ್ನು ಬಿ.ಎಸ್ಸಿ. ಮುಗಿಸಿದ ಯಾರೂ ಮಾಡಬಲ್ಲರು. ಗುಂಪಿನಲ್ಲಿ ಒಬ್ಬರು ಆ ಅರ್ಧ ಪುಟವನ್ನು ಬರೆದಾಗ ಉಳಿದವರಿಗೆ ಅದು ಸಹಜವಾಗಿ ಕಾಣುತ್ತದೆ, ತಲೆಯಾಡಿಸುತ್ತಾರೆ, ತಮಗೂ ಅದೇ ಹೊಳೆಯುತ್ತಿತ್ತು ಎಂದು ಪ್ರಾಮಾಣಿಕವಾಗಿ ನಂಬುತ್ತಾರೆ. ಬಿಡಿಸಿದ ಒಗಟನ್ನು ಕೇಳಿದವನಿಗೆ ಒಗಟು ಬಿಡಿಸಲು ಬಂತೆಂದು ಅನ್ನಿಸುವ ಹಾಗೆ. ಪರೀಕ್ಷೆಯ ಕೋಣೆಯಲ್ಲಿ ಖಾಲಿ ಹಾಳೆ ಎದುರಿಗಿದ್ದಾಗ ಅದು ಹೊಳೆಯುವುದಿಲ್ಲ, ಏಕೆಂದರೆ ಆ ಕೆಲಸವನ್ನು ಅವರು ಒಮ್ಮೆಯೂ ಮಾಡಿರುವುದಿಲ್ಲ.

ಲಗ್ರಾಂಜ್ ಅವರು 1788ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದ ಮುನ್ನುಡಿಯಲ್ಲಿ ಈ ಕೃತಿಯಲ್ಲಿ ಚಿತ್ರಗಳು ಕಾಣಸಿಗುವುದಿಲ್ಲ ಎಂದು ಹೇಳಿದ್ದರು. ಜ್ಯಾಮಿತಿಯ ಹಂಗಿಲ್ಲದೆ ಬೀಜಗಣಿತದ ಕ್ರಿಯೆಗಳಿಂದಲೇ ಇಡೀ ಶಾಸ್ತ್ರವನ್ನು ನಡೆಸಬಹುದೆಂಬುದು ಅವರ ಸಾಧನೆ. ಆದರೆ ಆ ಮಾತನ್ನು ಕೇಳಿದ ನಮ್ಮ ಮಕ್ಕಳು ಚಿತ್ರ ಬರೆಯುವುದನ್ನೇ ಬಿಟ್ಟರೆ ನಷ್ಟ ಅವರಿಗೇ. ಚಿತ್ರವಿಲ್ಲದೆ ನಡೆಯುವುದು ಅವಕಲನ ಮಾತ್ರ. ನಿರ್ದೇಶಾಂಕಗಳ ಆಯ್ಕೆಗೆ ಚಿತ್ರ ಬೇಕೇ ಬೇಕು.

ಈಗ ನಿಮ್ಮ ತಪ್ಪಿನ ಬಗ್ಗೆ. ಇದು ಅಂಕ ಕಳೆದ ತಪ್ಪಾದರೂ ಬೆಲೆಯುಳ್ಳ ತಪ್ಪು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನೀವು ಫೈಯನ್ನು ಸ್ವತಂತ್ರ ನಿರ್ದೇಶಾಂಕವೆಂದು ಹಿಡಿದಾಗ ಲಗ್ರಾಂಜಿಯನ್‌ನಲ್ಲಿ (ಚಲನಶಕ್ತಿಯಿಂದ ಪ್ರಚ್ಛನ್ನ ಶಕ್ತಿ ಕಳೆದದ್ದರಲ್ಲಿ) ಫೈ ನೇರವಾಗಿ ಕಾಣಿಸಲಿಲ್ಲ, ಅದರ ವೇಗವಾದ ಫೈಡಾಟ್ ಮಾತ್ರ ಕಾಣಿಸಿತು. ಆಗ ಎರಡನೆಯ ಸಮೀಕರಣವು ಸೈನ್² ತೀಟಾ ಗುಣಿಸು ಫೈಡಾಟ್ ಎಂಬುದು ಸ್ಥಿರ ಎಂದು ಹೇಳುತ್ತದೆ. ಪ್ರಶ್ನೆಯು ಫೈಡಾಟ್ ಸ್ಥಿರ ಎನ್ನುತ್ತಿದೆ. ಎರಡೂ ಸ್ಥಿರವಾದರೆ ತೀಟಾ ಕೂಡ ಸ್ಥಿರವಾಗಿ, ಮಣಿ ಕದಲುವುದೇ ಇಲ್ಲ ಎಂದಾಗುತ್ತದೆ. ಹೊಂದಲಿಲ್ಲ ಎಂದು ನೀವು ಬರೆದಿರುವುದು ಇದೇ ಇರಬೇಕು. ನೀವು ಬಿಡಿಸಿದ್ದು ಗೋಳೀಯ ಲೋಲಕದ, ಎಂದರೆ ಎಲ್ಲ ದಿಕ್ಕಿಗೂ ತೂಗಬಲ್ಲ ಲೋಲಕದ ಲೆಕ್ಕ. ತೂಕವಿಲ್ಲದ ತಂತಿಯೊಂದು ಯಾರೂ ತಿರುಗಿಸದೆ ತನ್ನಷ್ಟಕ್ಕೆ ತಿರುಗುವಂತಿದ್ದರೆ ನಿಮ್ಮ ಉತ್ತರ ಅಕ್ಷರಶಃ ಸರಿ. ಈ ಪ್ರಶ್ನೆಯಲ್ಲಿ ತಂತಿಯನ್ನು ಒಂದು ಮೋಟಾರೋ ಒಂದು ಕೈಯೋ ಬಲವಂತವಾಗಿ ಒಂದೇ ವೇಗದಲ್ಲಿ ತಿರುಗಿಸುತ್ತಿದೆ. ಫೈ ಏನಾಗಬೇಕೆಂದು ಮೊದಲೇ ತೀರ್ಮಾನವಾಗಿಹೋಗಿದೆ. ಹಾಗೆ ತೀರ್ಮಾನವಾದದ್ದಕ್ಕೆ ಸಮೀಕರಣ ಬರೆಯುವಂತಿಲ್ಲ.

ನನ್ನ ಸಲಹೆ ಇಷ್ಟು. ಗುಂಪನ್ನು ಬಿಡಬೇಡಿ. ಪ್ರತಿ ಲೆಕ್ಕಕ್ಕೂ ಮೊದಲ ಹದಿನೈದು ನಿಮಿಷ ನಾಲ್ವರೂ ಗೋಡೆಯ ಕಡೆಗೆ ಮುಖಮಾಡಿ, ಮಾತಿಲ್ಲದೆ, ಬೇರೆ ಬೇರೆ ಹಾಳೆಯಲ್ಲಿ ಚಿತ್ರ, ನಿರ್ದೇಶಾಂಕ, ನಿರ್ಬಂಧ, ಚಲನಶಕ್ತಿ, ಪ್ರಚ್ಛನ್ನ ಶಕ್ತಿ ಇಷ್ಟನ್ನೇ ಬರೆಯಿರಿ. ಅವಕಲನ ಮಾಡಬೇಡಿ. ಆಮೇಲೆ ನಾಲ್ಕು ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ನೋಡಿ. ಎಲ್ಲಿ ಬೇರೆಯಾಗಿವೆಯೋ ಅಲ್ಲಿ ಮಾತನಾಡಿ.

ಪ್ರಶ್ನೆ ಕೇಳಿದವರು, ಎರಡು ದಿನಗಳ ನಂತರ

ಸರ್, ನಿಮ್ಮ ಊಹೆ ನಿಜ. ಕೈಬರಹ ಹೆಚ್ಚುಕಡಿಮೆ ಯಾವಾಗಲೂ ಒಬ್ಬಳದೇ. ಅವಳು ಬಹಳ ಚುರುಕು, ನಾವು ಕೇಳುವ ಮೊದಲೇ ಬರೆಯಲು ಶುರುಮಾಡಿರುತ್ತಾಳೆ. ಅವಳ ತಪ್ಪೇನೂ ಇಲ್ಲ. ಸೀಮೆಸುಣ್ಣವನ್ನು ಅವಳ ಕೈಗೆ ಕೊಡುತ್ತಿದ್ದವರು ನಾವೇ.

ನಿನ್ನೆ ನೀವು ಹೇಳಿದಂತೆ ಮಾಡಿದೆವು. ಅದೇ ಮಣಿಯ ಲೆಕ್ಕವನ್ನು ಮತ್ತೆ ತೆಗೆದುಕೊಂಡೆವು. ಒಮ್ಮೆ ಬಿಡಿಸಿದ ಲೆಕ್ಕವಾದ್ದರಿಂದ ನಾಲ್ಕೂ ಹಾಳೆಗಳು ಒಂದೇ ಆಗಿರುತ್ತವೆ ಎಂದುಕೊಂಡಿದ್ದೆವು. ಹಾಗಾಗಲಿಲ್ಲ. ಇಬ್ಬರು ತೀಟಾವನ್ನು ತಂತಿಯ ಕೆಳತುದಿಯಿಂದ ಅಳೆದಿದ್ದೆವು, ಒಬ್ಬಳು ಮೇಲ್ತುದಿಯಿಂದ ಅಳೆದಿದ್ದಳು, ಇನ್ನೊಬ್ಬಳು ಮೇಲ್ತುದಿಯಿಂದ ಅಳೆಯುವ ಚಿತ್ರ ಬರೆದು ಪ್ರಚ್ಛನ್ನ ಶಕ್ತಿಯನ್ನು ಕೆಳತುದಿಯಿಂದ ಅಳೆದವಳಂತೆ ಬರೆದಿದ್ದಳು. ಆ ಕೊನೆಯವಳು ನಮ್ಮ ಚುರುಕಿನ ಗೆಳತಿಯೇ. ಬಾಯಲ್ಲಿ ಹೇಳುತ್ತಾ ನೆಲದ ಮೇಲೆ ಬರೆಯುವಾಗ ನಮ್ಮಲ್ಲಿ ಯಾರಾದರೂ ಚಿಹ್ನೆ ಸರಿಪಡಿಸುತ್ತಿದ್ದೆವು, ಅವಳಿಗೆ ಅದು ಗಮನಕ್ಕೇ ಬಂದಿರಲಿಲ್ಲ. ಎಂದರೆ ಗುಂಪಿನಿಂದ ಅವಳಿಗೂ ತೊಂದರೆಯಾಗುತ್ತಿತ್ತು.

ಚಿಹ್ನೆ ತಿದ್ದಿಕೊಂಡ ಮೇಲೆ ನಾಲ್ವರಿಗೂ ಒಂದೇ ಸಮೀಕರಣ ಬಂತು. ಕೆಳತುದಿಯಿಂದ ಅಳೆದರೆ, ತೀಟಾದ ವೇಗೋತ್ಕರ್ಷ = ಸೈನ್ ತೀಟಾ × (ಒಮೇಗಾ² ಕಾಸ್ ತೀಟಾ − ಜಿ/ಎ). ಇಲ್ಲಿ ಎ ಎಂಬುದು ತಂತಿಯ ತ್ರಿಜ್ಯ.

ಈಗ ಹೊಸ ಜಗಳವೊಂದು ಶುರುವಾಗಿದೆ. ಹ್ಯಾಮಿಲ್ಟೋನಿಯನ್ ಬರೆಯಲು ಕುಳಿತಾಗ ಇಬ್ಬರು ಚಲನಶಕ್ತಿ ಮತ್ತು ಪ್ರಚ್ಛನ್ನ ಶಕ್ತಿಯ ಮೊತ್ತವನ್ನು ನೇರವಾಗಿ ಬರೆದೆವು, ಇಬ್ಬರು ವ್ಯಾಖ್ಯೆಯಿಂದ, ಎಂದರೆ ಸಂವೇಗ ಗುಣಿಸು ವೇಗದಿಂದ ಲಗ್ರಾಂಜಿಯನ್ ಕಳೆಯುವುದರಿಂದ ಹೊರಟರು. ಉತ್ತರಗಳು ಬೇರೆಯಾದವು. ಒಮೇಗಾ² ಇರುವ ಪದದ ಚಿಹ್ನೆ ಒಂದರಲ್ಲಿ ಧನ, ಇನ್ನೊಂದರಲ್ಲಿ ಋಣ. ಯಾವುದು ಸರಿ?

ಉತ್ತರ: ತಿಪಟೂರಿನ ಹಳೆಯ ವಿದ್ಯಾರ್ಥಿನಿ

ಹ್ಯಾಮಿಲ್ಟೋನಿಯನ್ ಪ್ರಶ್ನೆಗೆ ಸರ್ ಉತ್ತರಿಸಲಿ, ಅವರಷ್ಟು ಚೆನ್ನಾಗಿ ನಾನು ಹೇಳಲಾರೆ. ಆದರೆ ಮೊದಲ ಉತ್ತರದಲ್ಲಿ ಬಂದ ಮಾತಿಗೆ ನನ್ನ ಭಿನ್ನಾಭಿಪ್ರಾಯವಿದೆ, ಅದನ್ನು ದಾಖಲಿಸಬೇಕೆನಿಸಿತು.

ನಾನು ಎರಡು ವರ್ಷ ತಿಪಟೂರಿನಿಂದ ತುಮಕೂರಿಗೆ ರೈಲಿನಲ್ಲಿ ಓಡಾಡಿ ಓದಿದವಳು. ಸಂಜೆ ಯಾರ ಮನೆಯಲ್ಲೂ ಕೂರುವಂತಿರಲಿಲ್ಲ. ಒಬ್ಬಳೇ ಓದುವುದು ಎಷ್ಟು ದುಬಾರಿ ಎಂಬುದು ನನಗೆ ಗೊತ್ತು. ತಪ್ಪು ತಿಳಿವಳಿಕೆಯೊಂದು ಒಳಗೆ ಕೂತರೆ ಅದನ್ನು ಎತ್ತಿ ತೋರಿಸುವವರಿರುವುದಿಲ್ಲ. ಕೆನಾನಿಕಲ್ ರೂಪಾಂತರ ಎಂದರೆ ಬರಿಯ ಚರಗಳ ಬದಲಾವಣೆ ಎಂದು ನಾನು ಅರ್ಧ ಸೆಮಿಸ್ಟರ್ ನಂಬಿಕೊಂಡಿದ್ದೆ. ರೈಲಿನಲ್ಲಿ ಜೊತೆಗೆ ಬರುತ್ತಿದ್ದ ಸಹಪಾಠಿಯೊಬ್ಬಳು ಒಂದು ದಿನ ನಿಟ್ಟೂರು ದಾಟಿದ ಮೇಲೆ, ಹಾಗಾದರೆ ಪಾಯ್ಸನ್ ಬ್ರಾಕೆಟ್ 1 ಬರಬೇಕೆಂದು ಏಕೆ ಪರೀಕ್ಷಿಸುತ್ತೀಯೆ ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಆಗ ಅವಳು ಒಂದು ಹಳೆಯ ಲೆಕ್ಕವನ್ನು ಟಿಕೆಟ್‌ನ ಹಿಂಬದಿಯಲ್ಲಿ ಬರೆದು ಕೊಟ್ಟಳು. ಹಳೆಯ ನಿರ್ದೇಶಾಂಕ ಕ್ಯೂ, ಹಳೆಯ ಸಂವೇಗ ಪಿ; ಹೊಸ ನಿರ್ದೇಶಾಂಕವು ಸೈನ್ ಪಿ ಭಾಗಿಸು ಕ್ಯೂ ಎಂಬುದರ ಲಾಗರಿದಮ್, ಹೊಸ ಸಂವೇಗವು ಕ್ಯೂ ಗುಣಿಸು ಕಾಟ್ ಪಿ. ನಾಲ್ಕು ಆಂಶಿಕ ಅವಕಲನಗಳನ್ನು ಮಾಡಿ ಜೋಡಿಸಿದರೆ ಬ್ರಾಕೆಟ್‌ನಲ್ಲಿ ಕೋಸೆಕ್² ಪಿ − ಕಾಟ್² ಪಿ ಉಳಿಯುತ್ತದೆ, ಅದು 1. ಗುಬ್ಬಿ ಬರುವಷ್ಟರಲ್ಲಿ ಮುಗಿಯಿತು. ಆ 1 ಬಂದರೆ ಮಾತ್ರ ಹ್ಯಾಮಿಲ್ಟನ್ ಸಮೀಕರಣಗಳ ರೂಪ ಹೊಸ ಚರಗಳಲ್ಲೂ ಹಾಗೆಯೇ ಉಳಿಯುತ್ತದೆ, ಬೇರೆ ಚರಗಳನ್ನು ತಂದರೆ ಆ ರೂಪ ಕೆಡುತ್ತದೆ ಎಂದು ಅವಳು ವಿವರಿಸಿದಳು. ಗುಂಪೆಂದರೆ ನನಗೆ ಇದು. ಲೆಕ್ಕ ಬಿಡಿಸಿಕೊಡುವುದಕ್ಕಿಂತ, ಏಕೆ ಎಂದು ಕೇಳುವ ಇನ್ನೊಬ್ಬರು ಬೇಕು.

ಇನ್ನೊಂದು ಸಂಗತಿ. ನೀವು ನಾಲ್ವರೂ ಕನ್ನಡದಲ್ಲಿ ಚರ್ಚಿಸಿ ಇಂಗ್ಲಿಷ್‌ನಲ್ಲಿ ಉತ್ತರ ಬರೆಯುವವರಾಗಿದ್ದರೆ, ಥಿಯರಿ ಪ್ರಶ್ನೆಗಳಿಗೂ ಅದೇ ತೊಂದರೆ ಬರುತ್ತದೆ. ಡಿ'ಅಲಂಬರ್ ತತ್ತ್ವದಿಂದ ಲಗ್ರಾಂಜ್ ಸಮೀಕರಣ ಪಡೆಯುವ ಡಿರೈವೇಷನ್ ಬಾಯಲ್ಲಿ ಹೇಳಲು ಬರುತ್ತದೆ, ಬರೆಯುವಾಗ ವಾಕ್ಯಗಳು ಕೂಡಿಬರುವುದಿಲ್ಲ. ನಾನು ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು. ಪ್ರತಿ ಡಿರೈವೇಷನ್‌ಗೂ ಸಮೀಕರಣಗಳ ನಡುವೆ ಬರುವ ಏಳೆಂಟು ವಾಕ್ಯಗಳನ್ನು ಮಾತ್ರ ಇಂಗ್ಲಿಷ್‌ನಲ್ಲಿ ಬರೆದು ಸಹಪಾಠಿಗೆ ಕೊಡುತ್ತಿದ್ದೆ, ಸಮೀಕರಣಗಳನ್ನು ಅವಳು ತುಂಬಬೇಕು. ಮರುದಿನ ಅವಳು ಸಮೀಕರಣಗಳನ್ನು ಮಾತ್ರ ಕೊಡುತ್ತಿದ್ದಳು, ವಾಕ್ಯಗಳನ್ನು ನಾನು ಬರೆಯಬೇಕು. ಕಲ್ಪಿತ ಸ್ಥಾನಪಲ್ಲಟ ನಡೆಯುವಾಗ ಕಾಲವನ್ನು ಸ್ಥಿರವಾಗಿ ಹಿಡಿಯುತ್ತೇವೆ ಎಂಬ ಒಂದು ವಾಕ್ಯವನ್ನು ನಾನು ಪ್ರತಿಸಲವೂ ಬಿಡುತ್ತಿದ್ದೆನೆಂದು ತಿಳಿದದ್ದು ಹೀಗೆ. ಆ ವಾಕ್ಯವಿಲ್ಲದೆ ಡಿರೈವೇಷನ್ ನಿಲ್ಲುವುದಿಲ್ಲ.

ಉತ್ತರ: ಗುಬ್ಬಿ ತಾಲ್ಲೂಕಿನ ಉಪನ್ಯಾಸಕ

ತಿಪಟೂರಿನ ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ನನ್ನ ಅನುಭವದ ಗುಂಪಿನಲ್ಲಿ ಏಕೆ ಎಂದು ಕೇಳುವವರಿರಲಿಲ್ಲ, ಎಲ್ಲರಿಗೂ ಉತ್ತರ ಬಂದರೆ ಸಾಕಿತ್ತು. ಗುಂಪು ಬೇಡ ಎಂದು ನಾನು ಬರೆದದ್ದು ಅವಸರದ ಮಾತಾಯಿತು. ಆದರೂ ಪರೀಕ್ಷೆಗೆ ಮುಂಚಿನ ಕೊನೆಯ ವಾರದಲ್ಲಿ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಮುಂದಿಟ್ಟುಕೊಂಡು ಮೂರು ಗಂಟೆ ಒಬ್ಬರೇ ಬರೆಯಬೇಕೆಂಬ ಮಾತನ್ನು ಬಿಡುವುದಿಲ್ಲ. ಬರೆದ ಪತ್ರಿಕೆಗಳನ್ನು ಅದಲುಬದಲು ಮಾಡಿಕೊಂಡು ಒಬ್ಬರದನ್ನು ಇನ್ನೊಬ್ಬರು ತಿದ್ದಿ. ಬೇರೆಯವರ ಉತ್ತರಪತ್ರಿಕೆಗೆ ಅಂಕ ಹಾಕಲು ಕೂತಾಗ, ಎಲ್ಲಿ ಅಂಕ ಕೊಡಲು ಕೈ ಹಿಂಜರಿಯುತ್ತದೆ ಎಂಬುದು ತಾನಾಗಿ ಕಾಣುತ್ತದೆ.

ಉತ್ತರ: ಮಧುಗಿರಿಯ ನಿವೃತ್ತ ಅಧ್ಯಾಪಕ

ನಾಲ್ಕು ಹಾಳೆಗಳ ವರದಿ ಓದಿ ಸಂತೋಷವಾಯಿತು. ನಿಮ್ಮ ಜಗಳ ಇನ್ನೂ ಸಂತೋಷದ್ದು, ಏಕೆಂದರೆ ಈ ಪಾಠದಲ್ಲಿ ಅತ್ಯಂತ ಮುಖ್ಯವಾದ ಜಾಗಕ್ಕೆ ನೀವೇ ನಡೆದು ಬಂದಿದ್ದೀರಿ.

ವ್ಯಾಖ್ಯೆಯಿಂದ ಹೊರಟ ಇಬ್ಬರ ಉತ್ತರ ಸರಿ. ಕೆಳತುದಿಯಿಂದ ತೀಟಾ ಅಳೆದಾಗ ಚಲನಶಕ್ತಿಯಲ್ಲಿ ಎರಡು ತುಂಡುಗಳಿವೆ. ಮೊದಲನೆಯದು ½ ಎಂ ಎ² ತೀಟಾಡಾಟ್² (ಎಂ ಎಂಬುದು ಮಣಿಯ ದ್ರವ್ಯರಾಶಿ), ಮಣಿ ತಂತಿಯ ಉದ್ದಕ್ಕೂ ಜಾರುವುದರಿಂದ ಬಂದದ್ದು. ಎರಡನೆಯದು ½ ಎಂ ಎ² ಒಮೇಗಾ² ಸೈನ್² ತೀಟಾ, ತಂತಿಯ ಜೊತೆಗೆ ಸುತ್ತುವುದರಿಂದ ಬಂದದ್ದು. ಎರಡನೆಯ ತುಂಡಿನಲ್ಲಿ ತೀಟಾಡಾಟ್ ಇಲ್ಲವೇ ಇಲ್ಲ. ಸಂವೇಗ ಗುಣಿಸು ವೇಗದಿಂದ ಲಗ್ರಾಂಜಿಯನ್ ಕಳೆಯುವಾಗ ಮೊದಲ ತುಂಡು ಧನವಾಗಿ ಉಳಿಯುತ್ತದೆ, ಎರಡನೆಯದು ಋಣವಾಗುತ್ತದೆ. ಹ್ಯಾಮಿಲ್ಟೋನಿಯನ್ ಎಂದರೆ ಒಟ್ಟು ಶಕ್ತಿ ಎಂಬ ಮಾತು ನಿರ್ಬಂಧಗಳಲ್ಲಿ ಕಾಲ ಕಾಣಿಸಿಕೊಳ್ಳದಿದ್ದಾಗ, ಪ್ರಚ್ಛನ್ನ ಶಕ್ತಿ ವೇಗವನ್ನು ಅವಲಂಬಿಸದಿದ್ದಾಗ ನಿಜ. ಇಲ್ಲಿ ಫೈ ಎಂಬುದು ಒಮೇಗಾ ಗುಣಿಸು ಕಾಲ. ಕಾಲವು ನಿರ್ಬಂಧದೊಳಗೇ ಕೂತಿದೆ. ಆದ್ದರಿಂದ ಆ ಮಾತು ಇಲ್ಲಿ ಸಲ್ಲುವುದಿಲ್ಲ.

ಲಗ್ರಾಂಜಿಯನ್‌ನಲ್ಲಿ ಕಾಲ ನೇರವಾಗಿ ಇಲ್ಲದ ಕಾರಣ ಈ ಹ್ಯಾಮಿಲ್ಟೋನಿಯನ್ ಚಲನೆಯುದ್ದಕ್ಕೂ ಬದಲಾಗುವುದಿಲ್ಲ, ಆದರೆ ಅದು ಒಟ್ಟು ಶಕ್ತಿಯಲ್ಲ. ಒಟ್ಟು ಶಕ್ತಿಯು ಅದಕ್ಕಿಂತ ಎಂ ಎ² ಒಮೇಗಾ² ಸೈನ್² ತೀಟಾ ಎಂಬಷ್ಟು ಹೆಚ್ಚು, ಮತ್ತು ಅದು ಬದಲಾಗುತ್ತಿರುತ್ತದೆ. ಮಣಿ ಮೇಲಕ್ಕೆ ಏರಿದಂತೆ ಅಕ್ಷದಿಂದ ದೂರ ಸರಿಯುತ್ತದೆ, ವೇಗ ಕುಗ್ಗದಂತೆ ನೋಡಿಕೊಳ್ಳಲು ಮೋಟಾರು ಹೆಚ್ಚು ತಿರುಚುಬಲ ಕೊಡಬೇಕಾಗುತ್ತದೆ, ಶಕ್ತಿ ಅಲ್ಲಿಂದ ಒಳಬರುತ್ತದೆ. ಪ್ರಚ್ಛನ್ನ ಶಕ್ತಿಯನ್ನು ಸುಮ್ಮನೆ ಕೂಡಿಸಿ ಬರೆದವರು ಹ್ಯಾಮಿಲ್ಟನ್ ಸಮೀಕರಣ ಬರೆದು ನೋಡಿ: ಒಮೇಗಾ² ಪದದ ಚಿಹ್ನೆ ತಿರುಗಿ, ವೇಗವಾಗಿ ಸುತ್ತಿದಷ್ಟೂ ಮಣಿ ಇನ್ನಷ್ಟು ಬಿಗಿಯಾಗಿ ಕೆಳತುದಿಗೆ ಅಂಟಿಕೊಳ್ಳುತ್ತದೆ ಎಂಬ ಉತ್ತರ ಬರುತ್ತದೆ. ಅದು ಸಾಧ್ಯವಿಲ್ಲವೆಂದು ಯಾರಿಗೂ ಗೊತ್ತು.

ನಂಬಿಕೆ ಬರದಿದ್ದರೆ ಮಾಡಿಯೇ ನೋಡಿ. ಗಟ್ಟಿ ತಂತಿಯನ್ನು ಹತ್ತು ಸೆಂಟಿಮೀಟರ್ ತ್ರಿಜ್ಯದ ಬಳೆಯಂತೆ ಬಗ್ಗಿಸಿ, ತುದಿ ಸೇರಿಸುವ ಮೊದಲು ಹಳೆಯ ಸರದಿಂದ ಒಂದು ಗಾಜಿನ ಮಣಿಯನ್ನು ಪೋಣಿಸಿ. ಬಳೆಯನ್ನು ದಾರಕ್ಕೆ ಕಟ್ಟಿ ತೂಗುಹಾಕಿ, ದಾರವನ್ನು ಚೆನ್ನಾಗಿ ಹೊಸೆದು ಬಿಡಿ. ನಿಮ್ಮ ಸಮೀಕರಣದ ಪ್ರಕಾರ ಒಮೇಗಾ² ಎಂಬುದು ಜಿ/ಎ ಮೀರುವವರೆಗೆ ಮಣಿಗೆ ಕೆಳತುದಿಯೇ ನೆಮ್ಮದಿಯ ಜಾಗ. ಹತ್ತು ಸೆಂಟಿಮೀಟರ್‌ಗೆ ಲೆಕ್ಕ ಹಾಕಿದರೆ ಒಮೇಗಾ ಸೆಕೆಂಡಿಗೆ ಸುಮಾರು 9.9 ರೇಡಿಯನ್, ಎಂದರೆ ಸೆಕೆಂಡಿಗೆ ಒಂದೂವರೆ ಸುತ್ತಿಗಿಂತ ತುಸು ಹೆಚ್ಚು. ಅದನ್ನು ದಾಟಿದರೆ ಕೆಳತುದಿ ಅಸ್ಥಿರವಾಗುತ್ತದೆ, ಮಣಿ ಪಕ್ಕಕ್ಕೆ ಏರಿ ನಿಲ್ಲುತ್ತದೆ. ಸೆಕೆಂಡಿಗೆ ಎರಡು ಸುತ್ತು ಬಂದಾಗ ಅದು ನಿಲ್ಲಬೇಕಾದ ಜಾಗ ಕೆಳತುದಿಯಿಂದ ಸುಮಾರು 52 ಡಿಗ್ರಿ. ದಾರದ ಸುತ್ತು ಒಂದೇ ವೇಗದಲ್ಲಿರುವುದಿಲ್ಲ, ತಂತಿಯಲ್ಲಿ ಘರ್ಷಣೆಯೂ ಇರುತ್ತದೆ, ಆದ್ದರಿಂದ ಡಿಗ್ರಿಯನ್ನು ಅಳೆಯಲು ಹೋಗಬೇಡಿ. ಮಣಿ ಕೆಳಗೆ ಸುಮ್ಮನಿದ್ದು, ವೇಗ ಏರಿದಾಗ ಥಟ್ಟನೆ ಪಕ್ಕಕ್ಕೆ ಹತ್ತುವುದನ್ನು ಕಣ್ಣಾರೆ ನೋಡಿದರೆ ಸಾಕು.

ಪ್ರಶ್ನೆ ಕೇಳಿದವರು, ಮರುವಾರ

ಸರ್, ಬಳೆ ಮಾಡಿದೆವು. ಮೊದಲು ಬಳಸಿದ ಬೈಂಡಿಂಗ್ ವೈರ್ ತೀರಾ ಮೆತ್ತಗಿತ್ತು, ಸುತ್ತುವಾಗ ಮೊಟ್ಟೆಯಾಕಾರಕ್ಕೆ ಬಂತು. ಆಮೇಲೆ ಹಳೆಯ ಬಟ್ಟೆ ಹ್ಯಾಂಗರ್‌ನ ತಂತಿಯನ್ನು ಬಿಚ್ಚಿ ಮಾಡಿದಾಗ ಸರಿಹೋಯಿತು. ಮಣಿ ಏರಿದ ಕ್ಷಣದಲ್ಲಿ ನಾಲ್ವರೂ ಕೂಗಿಕೊಂಡೆವು. ದಾರದ ಹೊಸೆ ಬಿಚ್ಚಿ ವೇಗ ತಗ್ಗಿದ ಕೂಡಲೇ ಅದು ಮತ್ತೆ ಕೆಳಕ್ಕೆ ಜಾರಿತು. ಆ ಋಣಚಿಹ್ನೆಯನ್ನು ನಾವು ಇನ್ನು ಮರೆಯುವುದಿಲ್ಲ.

ತಿಪಟೂರಿನ ಅಕ್ಕ ಹೇಳಿದಂತೆ ವಾಕ್ಯಗಳನ್ನೂ ಸಮೀಕರಣಗಳನ್ನೂ ಬೇರೆ ಮಾಡಿ ಬರೆಯುವುದನ್ನು ಶುರುಮಾಡಿದ್ದೇವೆ. ಕಾಲವನ್ನು ಸ್ಥಿರವಾಗಿ ಹಿಡಿಯುವ ಆ ವಾಕ್ಯ ನಮ್ಮ ನಾಲ್ಕು ಹಾಳೆಗಳಲ್ಲಿ ಒಂದರಲ್ಲಿ ಮಾತ್ರ ಇತ್ತು.

ನಿನ್ನೆ ಬುಗುರಿಯ ಲೆಕ್ಕಕ್ಕೆ ಬಂದೆವು. ಹದಿನೈದು ನಿಮಿಷ ಸಾಲಲಿಲ್ಲ, ಇಪ್ಪತ್ತೈದು ಹಿಡಿಯಿತು. ಆಯ್ಲರ್ ಕೋನಗಳ (ಬುಗುರಿಯ ನಿಲುವನ್ನು ಹೇಳುವ ತೀಟಾ, ಫೈ, ಸೈ ಎಂಬ ಮೂರು ಕೋನಗಳ) ಚಿತ್ರವನ್ನು ಇಬ್ಬರು ಸರಿಯಾಗಿ ಬರೆದಿದ್ದೆವು. ಆದರೆ ಬುಗುರಿಯ ಸ್ವಂತ ಅಕ್ಷದ ಸುತ್ತಲಿನ ಕೋನೀಯ ವೇಗವನ್ನು ಮೂವರು ಸೈಡಾಟ್ ಎಂದಷ್ಟೇ ಬರೆದಿದ್ದೆವು, ಒಬ್ಬಳು ಸೈಡಾಟ್ + ಫೈಡಾಟ್ ಕಾಸ್ ತೀಟಾ ಎಂದು ಬರೆದಿದ್ದಳು. ಅವಳದೇ ಸರಿಯೆಂದು ಪುಸ್ತಕ ನೋಡಿ ತಿಳಿಯಿತು. ಏಕೆ ಎಂದು ಕೇಳಿದಾಗ ಅವಳಿಗೂ ಹೇಳಲು ಬರಲಿಲ್ಲ, ಪುಸ್ತಕದಲ್ಲಿ ನೋಡಿದ ನೆನಪಿನಿಂದ ಬರೆದೆ ಎಂದಳು.

ಉತ್ತರ: ಮಧುಗಿರಿಯ ನಿವೃತ್ತ ಅಧ್ಯಾಪಕ

ಮಣಿಯ ವರದಿಗೆ ಧನ್ಯವಾದಗಳು. ಬುಗುರಿಗೆ ಬರೋಣ.

ವಾಲಿಕೊಂಡು ಸುತ್ತುತ್ತಿರುವ ಬುಗುರಿಯಲ್ಲಿ ಎರಡು ತಿರುಗಾಟಗಳನ್ನು ಬೇರ್ಪಡಿಸಿ ನೋಡಿ. ತನ್ನ ಮೊಳೆಯ ಅಕ್ಷದ ಸುತ್ತ ಅದು ಸುತ್ತುವುದು ಸೈಡಾಟ್. ಆ ಅಕ್ಷವೇ ಲಂಬರೇಖೆಯ ಸುತ್ತ ನಿಧಾನವಾಗಿ ಪ್ರದಕ್ಷಿಣೆ ಬರುವುದು ಫೈಡಾಟ್. ಫೈಡಾಟ್‌ನ ದಿಕ್ಕು ನೆಟ್ಟಗೆ ಮೇಲಕ್ಕೆ, ಮೊಳೆಯ ಅಕ್ಷ ಅದಕ್ಕೆ ತೀಟಾ ಕೋನದಲ್ಲಿ ವಾಲಿದೆ. ಇವೆರಡು ಒಂದಕ್ಕೊಂದು ಲಂಬವಾಗಿಲ್ಲದ ಕಾರಣ ಮೇಲ್ಮುಖದ ತಿರುಗಾಟದ ಒಂದು ಪಾಲು ಅಕ್ಷದ ಮೇಲೆ ಬೀಳುತ್ತದೆ, ಆ ಪಾಲೇ ಫೈಡಾಟ್ ಕಾಸ್ ತೀಟಾ. ಉಳಿದ ಪಾಲು ಫೈಡಾಟ್ ಸೈನ್ ತೀಟಾ, ಅಕ್ಷಕ್ಕೆ ಅಡ್ಡಲಾಗಿ ಹೋಗುತ್ತದೆ. ಅದು ಚಲನಶಕ್ತಿಯ ಮೊದಲ ತುಂಡಿನಲ್ಲಿ ತೀಟಾಡಾಟ್ ಜೊತೆಗೆ ಕಾಣಿಸಿಕೊಳ್ಳುವುದನ್ನು ನಿಮ್ಮ ಹಾಳೆಗಳಲ್ಲೇ ನೋಡಬಹುದು.

ಪರೀಕ್ಷಿಸಿಕೊಳ್ಳಲು ಸುಲಭದ ದಾರಿಯಿದೆ. ತೀಟಾವನ್ನು ಸೊನ್ನೆ ಮಾಡಿ, ಎಂದರೆ ಬುಗುರಿ ನೆಟ್ಟಗೆ ನಿಂತಿದೆ ಎಂದುಕೊಳ್ಳಿ. ಆಗ ಎರಡೂ ತಿರುಗಾಟಗಳು ಒಂದೇ ಅಕ್ಷದ ಸುತ್ತ ನಡೆಯುತ್ತವೆ, ಒಟ್ಟು ವೇಗ ಅವೆರಡರ ಮೊತ್ತವಾಗಲೇಬೇಕು. ಸೈಡಾಟ್ ಎಂದಷ್ಟೇ ಬರೆದ ಮೂವರ ಸೂತ್ರದಲ್ಲಿ ಆ ಮೊತ್ತ ಬರುವುದಿಲ್ಲ. ಇನ್ನು ತೀಟಾವನ್ನು 90 ಡಿಗ್ರಿ ಮಾಡಿದರೆ, ಅಡ್ಡ ಮಲಗಿದ ಅಕ್ಷದ ಮೇಲೆ ಲಂಬದ ತಿರುಗಾಟದ ಪಾಲು ಸೊನ್ನೆಯಾಗುತ್ತದೆ, ಸೂತ್ರವೂ ಅದನ್ನೇ ಹೇಳುತ್ತದೆ.

ಇಂದು ಸಂಜೆ ಆ ಮೂವರು ಈ ಪದವನ್ನು ಸೇರಿಸಿ ಲಗ್ರಾಂಜಿಯನ್ ಮತ್ತೆ ಬರೆಯಲಿ. ಫೈ, ಸೈ ಎರಡೂ ಅದರಲ್ಲಿ ನೇರವಾಗಿ ಕಾಣಿಸುವುದಿಲ್ಲ, ಆದ್ದರಿಂದ ಅವುಗಳ ಎರಡು ಸಂವೇಗಗಳೂ ಸ್ಥಿರ. ಆ ಎರಡು ಸ್ಥಿರಗಳನ್ನು ಬಳಸಿ ಫೈಡಾಟ್, ಸೈಡಾಟ್ ಎರಡನ್ನೂ ತೊಲಗಿಸಿದರೆ ತೀಟಾ ಒಂದೇ ಉಳಿದಿರುವ ಶಕ್ತಿಯ ಸಮೀಕರಣ ಸಿಗುತ್ತದೆ. ಇಲ್ಲಿ ನಿರ್ಬಂಧಗಳಲ್ಲಿ ಕಾಲವಿಲ್ಲ, ಆದ್ದರಿಂದ ಹ್ಯಾಮಿಲ್ಟೋನಿಯನ್ ಒಟ್ಟು ಶಕ್ತಿಗೇ ಸಮ. ಈ ಲೆಕ್ಕದಲ್ಲಿ ನೇರವಾಗಿ ಕೂಡಿಸಿ ಬರೆಯಬಹುದು. ನೆನಪಿನಿಂದ ಬರೆದ ನಿಮ್ಮ ಗೆಳತಿ ಈ ಸಲ ಕಾಸ್ ತೀಟಾ ಎಲ್ಲಿಂದ ಬಂತೆಂಬುದನ್ನು ಉಳಿದವರಿಗೆ ಒಂದು ಪೆನ್ಸಿಲ್ಲನ್ನು ವಾಲಿಸಿ ಹಿಡಿದು ತೋರಿಸಲಿ, ಸೀಮೆಸುಣ್ಣ ಮಾತ್ರ ಬೇರೆಯವರ ಕೈಯಲ್ಲಿರಲಿ.